ಬಟ್ಟೆ ಹೂಳಿದ ಮನೆಯ ಪುಸ್ತಕ

ಪುಸ್ತಕವಾಗುವ ಮೊದಲು ನಾನು ಬಿದಿರಾಗಿದ್ದೆ. ಚೀನಾ ದೇಶದ ಆಗ್ನೇಯ ಮೂಲೆಯಲ್ಲಿ ಫೂಜಿಯಾನ್ ಎಂಬ ಬೆಟ್ಟಸೀಮೆ ಇದೆ. ಅಲ್ಲಿನ ಮಾಷಾ ಎಂಬ ಊರಿನಲ್ಲಿ ಬಿದಿರನ್ನು ಸುಣ್ಣದ ನೀರಿನಲ್ಲಿ ಕೊಳೆಹಾಕಿ, ಕುಟ್ಟಿ, ತೆಳ್ಳಗೆ ಹರಡಿ ಕಾಗದ ಮಾಡುತ್ತಿದ್ದರು. ಹಣ್ಣಿನ ಮರದ ನುಣುಪು ಹಲಗೆಯ ಮೇಲೆ ಅಕ್ಷರಗಳನ್ನೂ ಚಿತ್ರಗಳನ್ನೂ ತಿರುವುಮುರುವಾಗಿ ಕೆತ್ತಿ, ಮಸಿ ಬಳಿದು, ಮೇಲೆ ಕಾಗದ ಹಾಸಿ ಉಜ್ಜುತ್ತಿದ್ದರು. ನಾನು ಹುಟ್ಟಿದ್ದು ಹಾಗೆ. ಮಂಗೋಲರು ಚೀನಾವನ್ನು ಆಳುತ್ತಿದ್ದ ಕಾಲ ಅದು. ಅವರ ಆಳ್ವಿಕೆ ಮುಗಿಯುತ್ತ ಬಂದಿತ್ತು, ಆದರೆ ಆಗ ಯಾರಿಗೂ ಅದು ಗೊತ್ತಿರಲಿಲ್ಲ.

ನಾನು ಕಾವ್ಯವಲ್ಲ, ಧರ್ಮಗ್ರಂಥವೂ ಅಲ್ಲ. ಮನೆಬಳಕೆಯ ಪುಸ್ತಕ. ಮೋಡ ನೋಡಿ ಮಳೆ ಹೇಳುವುದು ಹೇಗೆ, ಅಕ್ಕಿಯಿಂದ ಹೆಂಡ ಇಳಿಸುವುದು ಹೇಗೆ, ಎತ್ತಿನ ಹಲ್ಲು ನೋಡಿ ವಯಸ್ಸು ತಿಳಿಯುವುದು ಹೇಗೆ, ಮಗುವಿಗೆ ಹೊಟ್ಟೆ ನೊಂದರೆ ಏನು ಅರೆದು ಕುಡಿಸಬೇಕು, ಬೀಗರ ಮುಂದೆ ಎಷ್ಟು ಬಗ್ಗಬೇಕು, ಸತ್ತವರಿಗಾಗಿ ಯಾವ ಸಂಬಂಧಿ ಎಂಥ ಬಟ್ಟೆ ತೊಟ್ಟು ಎಷ್ಟು ಕಾಲ ಶೋಕ ಹಿಡಿಯಬೇಕು, ಇವೆಲ್ಲಕ್ಕೂ ನನ್ನಲ್ಲಿ ಹಾಳೆಗಳಿದ್ದವು. ಹಾಳೆಯ ಮೇಲ್ಭಾಗದಲ್ಲಿ ಚಿತ್ರ, ಕೆಳಗೆ ಬರಹ. ಕೊನೆಯ ಹಾಳೆಗಳಲ್ಲಿ ಪರದೇಶದ ಜನರ ಚಿತ್ರಗಳಿದ್ದವು. ಅದರಲ್ಲಿ ಒಂದು ದೇಶದವರಿಗೆ ಎದೆಯ ನಟ್ಟನಡುವೆ ತೂತು. ಅವರ ಒಡೆಯರನ್ನು ಆಳುಗಳು ಆ ತೂತಿನಲ್ಲಿ ಗಳ ತೂರಿಸಿ ಹೊತ್ತುಕೊಂಡು ಹೋಗುತ್ತಿದ್ದರು. ಆ ಚಿತ್ರ ಕೆತ್ತಿದವನು ತನ್ನೂರಿನ ಹೊಳೆ ದಾಟಿ ಆಚೆ ಹೋದವನಲ್ಲ.

ಮಾಷಾದಿಂದ ದೋಣಿಯಲ್ಲಿಯೂ ಹೆಗಲ ಮೇಲೆಯೂ ಪ್ರಯಾಣ ಮಾಡಿ ನಾನು ಚ್ವಾನ್‌ಜೋ ಎಂಬ ದೊಡ್ಡ ಬಂದರಿಗೆ ಬಂದೆ. ಅಲ್ಲಿ ನನ್ನನ್ನು ಕೊಂಡವನ ಹೆಸರು ಜೆಂಗ್ ಲ್ಯೂ. ಆ ಕಾಲದಲ್ಲಿ ಬಡವರ ಮಕ್ಕಳಿಗೆ ಹುಟ್ಟಿದ ಸರದಿಯ ಎಣಿಕೆಯೇ ಹೆಸರು. ಲ್ಯೂ ಎಂದರೆ ಆರು. ದಾಯಾದಿಗಳ ಮಕ್ಕಳನ್ನೆಲ್ಲ ಸೇರಿಸಿ ಎಣಿಸಿದರೆ ಅವನು ಆರನೆಯವನು. ತನ್ನ ತಾಯಿಗೆ ಮಾತ್ರ ಒಬ್ಬನೇ ಮಗ. ಹಡಗಿನಲ್ಲಿ ಗುಮಾಸ್ತನಾಗಿದ್ದ. ಮದುವೆಯಾಗಿ ಇನ್ನೂ ತಿಂಗಳೂ ಆಗಿರಲಿಲ್ಲ. ನನ್ನನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದವನೇ ಹೆಂಡತಿಯ ಮಡಿಲಲ್ಲಿ ಇಟ್ಟ.

"ಸಂಸಾರದ ವಿಷಯ ನಂಗೂ ಏನೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ಇದಕ್ಕೆ ಗೊತ್ತಿದೆಯಂತೆ," ಎಂದ.

ಅವನ ಹೆಂಡತಿ ಮ್ಯಾವೊಚಿಂಗ್. ಅವಳಿಗೆ ಓದಲು ಬರುತ್ತಿರಲಿಲ್ಲ. ನನ್ನನ್ನು ಬಿಚ್ಚಿ ಚಿತ್ರಗಳನ್ನೇ ನೋಡಿದಳು. ಅಂದಿನಿಂದ ದಿನಾ ಸಂಜೆ ಊಟ ಮುಗಿದ ಮೇಲೆ ಅಂಗಳದ ಮಣೆಯ ಮೇಲೆ ಕೂತು ಲ್ಯೂ ಒಂದೊಂದು ಹಾಳೆ ಓದುವನು. ಅವಳು ಬಟ್ಟೆಗೆ ತೇಪೆ ಹಾಕುತ್ತ ಕೇಳುವಳು. ಅತ್ತೆ ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತ, "ಇದನ್ನ ಬರೆದವನಿಗೆ ಅಡುಗೆ ಬರಲ್ಲ ಕಣೋ," ಎನ್ನುವರು. ಲ್ಯೂ ನಗುವನು. ನಕ್ಕರೆ ಅವನ ಮೈಯೆಲ್ಲ ಕುಲುಕುತ್ತಿತ್ತು. ತೊಡೆಯ ಮೇಲಿದ್ದ ನನಗೂ ಆ ನಗು ತಟ್ಟುತ್ತಿತ್ತು. ನನ್ನ ಆಯುಸ್ಸಿನಲ್ಲಿ ಅಂಥ ಸಂಜೆಗಳು ಮತ್ತೆ ಬರಲಿಲ್ಲ.

ಚಳಿಗಾಲದ ಬಡಗಣ ಗಾಳಿ ಎದ್ದಾಗ ಹಡಗು ಹೊರಡುವ ಕಾಲ ಬಂತು. ಮೆಣಸು ತರಲು ಪಡುವಣ ಸಮುದ್ರಕ್ಕೆ ಹೋಗಬೇಕಿತ್ತು. ನಿಮ್ಮ ಮಂಗಳೂರಿನಿಂದ ತೆಂಕಣಕ್ಕೆ ಇಳಿದರೆ ಸಿಗುವ ಬಂದರುಗಳಲ್ಲಿ ಒಂದಕ್ಕೆ. ಹೊರಡುವ ದಿನ ಮ್ಯಾವೊಚಿಂಗ್ ನನ್ನನ್ನು ತಂದು ಅವನ ಮುಂದೆ ಹಿಡಿದಳು.

"ನೀವು ಹೋಗೋ ದೇಶ ಇದರಲ್ಲಿ ಎಲ್ಲಿದೆ, ತೋರಿಸಿ."

ಲ್ಯೂ ಹಾಳೆ ಮಗುಚಿ, ಎದೆಯಲ್ಲಿ ತೂತಿದ್ದವರನ್ನು ತೋರಿಸಿ, "ಇವರ ಪಕ್ಕದ ಊರು," ಎಂದ. ತಮಾಷೆಗೆ ಹೇಳಿದ್ದು. ಅವಳು ನಗಲಿಲ್ಲ. "ಬೇಸಿಗೇಲಿ ತೆಂಕಣ ಗಾಳಿ ಬೀಸುತ್ತಲ್ಲ, ಅದರ ಜತೇಲೇ ಬಂದುಬಿಡ್ತೀನಿ," ಎಂದು ಅವಳ ತಲೆ ಮುಟ್ಟಿ ಹೊರಟ. ಅವಳು ಬಸುರಿಯಾಗಿದ್ದಳು. ಖಾತ್ರಿಯಾಗಲಿ, ಆಮೇಲೆ ಹೇಳೋಣ ಎಂದುಕೊಂಡವಳು ಹೇಳಲೇ ಇಲ್ಲ.

ಆ ಬೇಸಿಗೆಗೆ ಹಡಗು ಬರಲಿಲ್ಲ. ಬಂದದ್ದು ಯುದ್ಧ. ಬಂದರಿನ ಕಾವಲಿಗಿದ್ದ ಪರದೇಶಿ ಪಡೆ ದೊರೆಯ ಮೇಲೆ ತಿರುಗಿಬಿದ್ದು ಊರನ್ನು ಹಿಡಿಯಿತು. ಅವರನ್ನು ಓಡಿಸಲು ಇನ್ನೊಂದು ಪಡೆ ಬಂತು. ಇದು ವರುಷಗಟ್ಟಲೆ ನಡೆಯಿತು. ಬಂದರಿನ ಬಾಯಿಗೆ ಮುರಿದ ದೋಣಿಗಳನ್ನು ಅಡ್ಡ ಹಾಕಿದರು. ಹೊರಗಿನ ಯಾವ ಹಡಗೂ ಈ ಕಡೆ ತಲೆಹಾಕಲಿಲ್ಲ. ಆ ಗದ್ದಲದ ನಡುವೆಯೇ ಮ್ಯಾವೊಚಿಂಗ್ ಹೆಣ್ಣುಮಗುವನ್ನು ಹೆತ್ತಳು. ಅತ್ತೆ ಅದಕ್ಕೆ ಯಿಂಗ್ ಎಂದು ಹೆಸರಿಟ್ಟರು.

ಹಸಿವಿನ ಕಾಲ. ಮನೆಯಲ್ಲಿದ್ದ ಸಾಮಾನು ಒಂದೊಂದೇ ಹೋಯಿತು: ಮಗ್ಗ, ಕಂಚಿನ ಕನ್ನಡಿ, ಅತ್ತೆಯ ಚಳಿಗಾಲದ ಅಂಗಿ. ನನ್ನನ್ನು ಮಾರಲಿಲ್ಲ. ಕೊಳ್ಳುವವರು ಸಿಗಲಿಲ್ಲ ಎನ್ನಿ, ಇವಳು ಕೊಡಲಿಲ್ಲ ಎನ್ನಿ, ಎರಡೂ ನಿಜ. ಬಿದಿರ ಪೆಟ್ಟಿಗೆಯಲ್ಲಿ ನಾನು ಮಲಗಿರುತ್ತಿದ್ದೆ. ಮಗು ಮಲಗಿದ ಮಧ್ಯಾಹ್ನಗಳಲ್ಲಿ ಮ್ಯಾವೊಚಿಂಗ್ ನನ್ನನ್ನು ತೆಗೆದು ಆ ಕೊನೆಯ ಹಾಳೆಗಳನ್ನೇ ನೋಡುವಳು. ತೂತೆದೆಯವರ ಮುಖದ ಮೇಲೆ ಬೆರಳಿಟ್ಟು, ಇವರು ಒಳ್ಳೆಯವರೇ, ಕೆಟ್ಟವರೇ ಎಂದು ಅಳೆಯುವಂತೆ ನೋಡುವಳು. ಅವರು ಕೆಟ್ಟವರಲ್ಲ, ಅಂಥವರು ಎಲ್ಲಿಯೂ ಇಲ್ಲ ಎಂದು ಹೇಳಲು ನನಗೆ ಬಾಯಿ ಇರಲಿಲ್ಲ.

ಗಂಡ ಸತ್ತವಳು ಏನು ಮಾಡಬೇಕೆಂದು ನನ್ನಲ್ಲಿ ಬರೆದಿತ್ತು. ಗಂಡ ಇರುವವಳು ಏನು ಮಾಡಬೇಕೆಂದೂ ಬರೆದಿತ್ತು. ಮ್ಯಾವೊಚಿಂಗಳಂಥವಳಿಗೆ ಒಂದು ಸಾಲೂ ಇರಲಿಲ್ಲ. ಹಬ್ಬಕ್ಕೆ ಕೆಂಪು ದಾರ ಮುಡಿಯಬೇಕೇ ಬೇಡವೇ ಎಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಕೇರಿಯ ಹೆಂಗಸರು ಅವಳನ್ನು ಮದುವೆಗೆ ಕರೆಯಲು ಹಿಂಜರಿಯುವರು, ಸಾವಿನ ಮನೆಗೆ ಕರೆಯಲೂ ಹಿಂಜರಿಯುವರು.

ಅದೇ ಕೇರಿಯಲ್ಲಿ ಪಾನ್ ರೆನ್ ಎಂಬವನಿದ್ದ. ದೋಣಿಯ ಹಲಗೆಗಳ ಸಂದಿಗೆ ನಾರು ತುರುಕಿ, ಎಣ್ಣೆ ಸುಣ್ಣ ಮೆತ್ತಿ ನೀರು ಸೋರದಂತೆ ಮಾಡುವುದು ಅವನ ಕೆಲಸ. ಊರಿಗೆ ಮುತ್ತಿಗೆ ಬಿದ್ದಾಗ ಹೆಂಡತಿಯನ್ನು ಜ್ವರಕ್ಕೆ ಕಳೆದುಕೊಂಡಿದ್ದ. ಮಾತು ಕಡಿಮೆ. ಕೆಲಸ ಸಿಕ್ಕ ದಿನ ಒಂದು ಹಿಡಿ ಸೀಗಡಿಯನ್ನೋ ಮುರಿದ ಹಲಗೆಯ ಸೌದೆಯನ್ನೋ ಬಾಗಿಲಲ್ಲಿ ಇಟ್ಟು, ಒಳಗೆ ಕೂಗದೆ ಹೋಗಿಬಿಡುವನು. ಯಾರು ಇಟ್ಟರೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಆ ಮಾತೆತ್ತಲಿಲ್ಲ.

ಯಿಂಗ್ ಅಂಗಳ ಗುಡಿಸುವಷ್ಟು ದೊಡ್ಡವಳಾದಾಗ ಒಂದು ಬೆಳಿಗ್ಗೆ ಅತ್ತೆ ಬಿದಿರ ಪೆಟ್ಟಿಗೆ ತೆರೆದರು. ನನ್ನ ಕೆಳಗಿದ್ದ ಲ್ಯೂನ ನೀಲಿ ಅಂಗಿಯನ್ನು ಎಳೆದು ತೆಗೆದರು.

"ಯಾಕತ್ತೆ?" ಎಂದಳು ಮ್ಯಾವೊಚಿಂಗ್.

"ಲ್ಯೂನ ಹೂಳ್ತೀನಿ."

ಮ್ಯಾವೊಚಿಂಗ್ ಅಂಗಿಯ ಒಂದು ತೋಳನ್ನು ಹಿಡಿದುಕೊಂಡಳು. "ಅವರು ಸತ್ತಿಲ್ಲ ಅತ್ತೆ. ಸತ್ತಿದ್ರೆ ಯಾರಾದ್ರೂ ಬಂದು ಹೇಳ್ತಿದ್ರು."

"ಹೇಳೋಕೆ ಯಾರು ಉಳಿದಿದ್ದಾರೆ? ನೋಡು ಮಗಳೇ, ನಂಗೆ ವಯಸ್ಸಾಯ್ತು. ನಾಳೆ ನಾನು ಹೋದ್ರೆ ನೀನು ಈ ಕಡೆಯೂ ಇಲ್ಲ, ಆ ಕಡೆಯೂ ಇಲ್ಲ. ಮಗುವಿಗೆ ಅನ್ನ ಯಾರು ಹಾಕ್ತಾರೆ? ಪಾನ್ ರೆನ್ ಒಳ್ಳೆ ಮನುಷ್ಯ. ಈ ಮನೆಗೇ ಬಂದು ಇರ್ತಾನಂತೆ. ಕೇಳಿದೀನಿ."

"ನನ್ನ ಕೈಲಿ ಆಗಲ್ಲ."

"ನಿನ್ನ ಕೈಲಿ ಆಗಲ್ಲ ಅಂತ ಗೊತ್ತು. ಅದಕ್ಕೇ ನಾನು ಮಾಡ್ತಿರೋದು. ಹೆತ್ತವಳು ನಾನು. ತಪ್ಪಾದ್ರೆ ಪಾಪ ನಂಗೆ ತಟ್ಟಲಿ."

ಹೆಣ ಸಿಗದವರನ್ನು ಹೂಳುವ ಕ್ರಮ ಆ ದೇಶದಲ್ಲಿ ಇತ್ತು. ಮನೆಯ ಮಾಡು ಹತ್ತಿ, ಸತ್ತವನ ಬಟ್ಟೆಯನ್ನು ಬೀಸಿ, ಬಡಗಣ ದಿಕ್ಕಿಗೆ ಮುಖ ಮಾಡಿ ಹೆಸರು ಹಿಡಿದು ಕೂಗಬೇಕು. ಜೀವ ಎಲ್ಲಿದ್ದರೂ ಬಂದು ಬಟ್ಟೆಯಲ್ಲಿ ಸೇರುತ್ತದೆ ಎಂದು ನಂಬಿಕೆ. ಆಮೇಲೆ ಬಟ್ಟೆಯನ್ನೇ ಹೂಳುವುದು. ಗುಡಿಯಲ್ಲಿ ಗ್ರಂಥ ಓದುವವನೊಬ್ಬ ಬಂದು ನನ್ನ ಹಾಳೆ ನೋಡಿ ಕ್ರಮ ಹೇಳಿದ. ಕೂಗಲು ದಾಯಾದಿ ಗಂಡಸರನ್ನು ಕರೆಯಿರಿ ಎಂದ. ಅತ್ತೆ ಒಪ್ಪಲಿಲ್ಲ. ಪಾನ್ ರೆನ್ ಏಣಿ ಹಿಡಿದುಕೊಂಡ. ಆ ಮುದಿ ಹೆಂಗಸು ಹೆಂಚು ಹಿಡಿದು ಹಿಡಿದು ಮಾಡು ಹತ್ತಿ, ಅಂಗಿ ಬೀಸಿ, "ಲ್ಯೂ, ಮನೆಗೆ ಬಾ," ಎಂದು ಕೂಗಿದರು. ಆಟಕ್ಕೆ ಹೋದ ಹುಡುಗನನ್ನು ಊಟಕ್ಕೆ ಕರೆಯುವ ದನಿ ಅದು. ಕೇರಿಯ ಜನ ತಲೆ ತಗ್ಗಿಸಿ ನಿಂತರು.

ಮ್ಯಾವೊಚಿಂಗ್ ಶೋಕದ ಬಟ್ಟೆ ಹೊಲಿದದ್ದು ನನ್ನ ಚಿತ್ರ ನೋಡಿಕೊಂಡು. ಗಂಡನಿಗಾಗಿ ತೊಡುವ ಒರಟು ನಾರಿನ ಬಟ್ಟೆಯ ಅಂಚು ಮಡಿಸಿ ಹೊಲಿಯಬಾರದು, ಹರಿದಂತೆಯೇ ಬಿಡಬೇಕು. ಅದು ನನ್ನಲ್ಲಿ ಬರೆದ ನಿಯಮ. ಅವಳು ಹಾಗೆಯೇ ಬಿಟ್ಟಳು. ಎಡ ತೋಳಿನ ಒಳಗಡೆ ಮಾತ್ರ, ಯಾರ ಕಣ್ಣಿಗೂ ಬೀಳದ ಕಡೆ, ಗೇಣುದ್ದ ಅಂಚನ್ನು ಮಡಿಸಿ ಹೊಲಿದಳು. ನಾನು ಮಗ್ಗುಲಲ್ಲೇ ತೆರೆದುಕೊಂಡು ಬಿದ್ದಿದ್ದೆ; ನನಗೆ ಕಂಡಿತು.

ಶೋಕದ ಕಾಲ ಮುಗಿದ ಮೇಲೆ ಪಾನ್ ರೆನ್ ತನ್ನ ಸುತ್ತಿಗೆ, ಉಳಿ, ಎಣ್ಣೆಯ ಗಡಿಗೆ ತೆಗೆದುಕೊಂಡು ಈ ಮನೆಗೆ ಬಂದ. ಮನೆಯಲ್ಲಿ ಎಣ್ಣೆಯ ವಾಸನೆ ಸೇರಿತು, ಅನ್ನ ಸೇರಿತು. ಅವನಿಗೂ ಓದು ಬಾರದು. ಬಿಡುವಾದಾಗ ಯಿಂಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಚಿತ್ರ ನೋಡುವನು. ಒರಟು ಬೆರಳು ತಾಗಿ ಹಾಳೆ ಹರಿದೀತೆಂದು ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡುವನು. ಅವನನ್ನು ದೂರಲು ನನಗೆ ಕಾರಣ ಸಿಗಲಿಲ್ಲ. ಮ್ಯಾವೊಚಿಂಗಳಿಗೂ ಸಿಗಲಿಲ್ಲ. ಕೆಲವು ವರ್ಷ ಕಳೆದ ಮೇಲೆ ಅವರಿಗೆ ಗಂಡುಮಗು ಹುಟ್ಟಿತು. ಅತ್ತೆ ಆ ಮಗುವನ್ನು ತಮ್ಮ ಮೊಮ್ಮಗನೆಂದೇ ಎತ್ತಿ ಆಡಿಸಿದರು. ಅದು ನಡೆಯಲು ಕಲಿಯುವ ಮೊದಲೇ ತೀರಿಕೊಂಡರು. ಗುಡ್ಡದ ಮೇಲೆ ಮಗನ ಬಟ್ಟೆ ಹೂತಿದ್ದ ಸಮಾಧಿಯ ಪಕ್ಕದಲ್ಲೇ ಅವರನ್ನು ಇಟ್ಟರು.

ಅಷ್ಟರಲ್ಲಿ ಮಂಗೋಲರು ಹೋಗಿ ಹೊಸ ದೊರೆತನ ಬಂದಿತ್ತು. ಹೊಸ ದೊರೆ ಯಾರೂ ಸಮುದ್ರಕ್ಕೆ ಇಳಿಯಕೂಡದೆಂದು ಅಪ್ಪಣೆ ಮಾಡಿದ್ದ. ಹೊರದೇಶದಲ್ಲಿ ಸಿಕ್ಕಿಬಿದ್ದವರು ಅಲ್ಲಿಯೇ ಉಳಿದರು ಎಂದು ಜನ ಆಡಿಕೊಳ್ಳುತ್ತಿದ್ದರು.

ಆರನೆಯ ತಿಂಗಳಲ್ಲಿ ಪುಸ್ತಕ, ಬಟ್ಟೆಬರೆಗಳನ್ನು ಬಿಸಿಲಿಗೆ ಹಾಕುವ ದಿನವೊಂದಿದೆ. ಅಂಗಳದಲ್ಲಿ ಚಾಪೆ ಹಾಸಿ ನನ್ನನ್ನು ಬಿಡಿಸಿ ಇಟ್ಟಿದ್ದರು. ಮ್ಯಾವೊಚಿಂಗ್ ಹಿತ್ತಲಲ್ಲಿ ಹಾಸಿಗೆ ಬಡಿಯುತ್ತಿದ್ದಳು. ಬಾಗಿಲಲ್ಲಿ ಒಬ್ಬ ಮನುಷ್ಯ ಬಂದು ನಿಂತ. ಬಿಸಿಲಿಗೆ ಸುಟ್ಟು ಕಪ್ಪಾದ ಮುಖ, ಅರ್ಧ ನೆರೆತ ತಲೆ. ಯಿಂಗ್ ಎದ್ದು ಹೋಗಿ ಯಾರು ಬೇಕೆಂದು ಕೇಳಿದಳು. ಅವಳ ಮದುವೆ ಗೊತ್ತಾಗಿತ್ತು; ಹೊಸ ಬಗೆಯ ಜಡೆ ಹಾಕಿಕೊಂಡಿದ್ದಳು. ಆ ಮನುಷ್ಯ ಅವಳನ್ನು ತುಂಬಾ ಹೊತ್ತು ನೋಡಿದ.

"ಈ ಮನೆಯ ಲ್ಯೂ ಇದ್ದನಲ್ಲ, ಅವನ ಜತೆ ಹಡಗಿನಲ್ಲಿದ್ದೆ," ಎಂದ.

ಹಿತ್ತಲಲ್ಲಿ ಬಡಿಗೆಯ ಸದ್ದು ನಿಂತಿತು. ಮ್ಯಾವೊಚಿಂಗ್ ಬಂದಳು. ಕಂಬ ಹಿಡಿದು ನಿಂತು, "ಯಿಂಗ್, ಕೇರಿ ಕೊನೆಗೆ ಹೋಗಿ ಸೋಯಾ ಗಿಣ್ಣು ತಗೊಂಡು ಬಾ. ನೆಂಟರು ಬಂದಿದ್ದಾರೆ," ಎಂದು ಮಗಳನ್ನು ಕಳಿಸಿದಳು. ಆಮೇಲೆ ಅವನ ಕಡೆ ತಿರುಗಿದಳು.

"ಗುಡ್ಡದ ಕಡೆಯಿಂದ ಬಂದ್ರಾ?"

"ಹೌದು. ಹಿರಿಯರ ಸಮಾಧಿಗೆ ಅಂತ ಹೋದೆ, ಅವ್ವನ್ನ ನೋಡ್ಕೊಂಡು ಬಂದೆ. ಪಕ್ಕದ್ದನ್ನೂ ನೋಡಿದೆ. ಕಳೆ ಕಿತ್ತು ಚೆನ್ನಾಗಿ ಇಟ್ಟಿದ್ದೀರಿ."

"ಇವರು ಕೀಳ್ತಾರೆ. ವರ್ಷಾ ವರ್ಷಾ ಹೋಗಿ ಇವರೇ ಕೀಳ್ತಾರೆ."

ಲ್ಯೂ ಚಾಪೆಯ ಅಂಚಿನಲ್ಲಿ, ನನ್ನ ಪಕ್ಕದಲ್ಲಿ ಕೂತ. ಅತ್ತೆ ಮಾಡು ಹತ್ತಿ ಕೂಗಿದ್ದನ್ನು ಮ್ಯಾವೊಚಿಂಗ್ ಹೇಳಿದಳು. ಅವನು ತಾನು ಹೋದ ಬಂದರಿನ ವಿಷಯ ಹೇಳಿದ. ಅಲ್ಲಿಗೆ ಹೋದ ಮೊದಲ ವರ್ಷವೇ ಹಡಗು ಒಡೆಯಿತು, ಇತ್ತ ಬರುವ ಹಡಗೇ ಇರಲಿಲ್ಲ, ಹಡಗು ಸಿಗುವ ಹೊತ್ತಿಗೆ ಸಮುದ್ರವನ್ನೇ ಮುಚ್ಚಿದ್ದರು. ಯಾವುದೋ ದೇಶದ ರಾಯಭಾರಿಗಳ ಹಡಗಿನಲ್ಲಿ ಅಡುಗೆಯವನಾಗಿ ಸೇರಿ ಬಂದೆ ಎಂದ. ಅಲ್ಲಿಯ ಜನ ಎಂಥವರು ಎಂದು ಅವಳು ಕೇಳಿದಳು. "ನಮ್ಮಂಥವರೇ. ಎದೆಯಲ್ಲಿ ತೂತೇನೂ ಇಲ್ಲ," ಎಂದ. ಅವಳು ತುಟಿ ಕಚ್ಚಿಕೊಂಡಳು.

"ಅಲ್ಲಿ ಯಾರಾದ್ರೂ ಇದ್ರಾ ನಿಮಗೆ?"

"ಒಬ್ಬಳು ಅನ್ನ ಹಾಕ್ತಿದ್ಲು. ಈಗಿಲ್ಲ, ಹೋದಳು."

"ಒಳ್ಳೇದಾಯ್ತು. ಯಾರಾದ್ರೂ ಹಾಕಿದ್ರಲ್ಲ," ಎಂದಳು ಅವಳು. ಅದರಲ್ಲಿ ಕೊಂಕು ಇರಲಿಲ್ಲ.

ಪಾನ್ ರೆನ್ ಕೆಲಸ ಮುಗಿಸಿ, ಮಗುವನ್ನು ಹೆಗಲ ಮೇಲೆ ಮಲಗಿಸಿಕೊಂಡು ಬಂದ. ಒಳಗೆ ಕಾಲಿಟ್ಟವನು ಇಬ್ಬರನ್ನೂ ನೋಡಿ ಅಲ್ಲಿಯೇ ನಿಂತ. ಬಂದವನ ಗುರುತು ಸಿಕ್ಕಿತು.

"ಅಣ್ಣ, ಇದು ನಿಮ್ಮ ಮನೆ," ಎಂದ. "ನಾನು ನಡುವೆ ಬಂದವನು. ಸಂಜೆಯೊಳಗೆ ನನ್ನ ಸಾಮಾನು ತೆಗೀತೀನಿ."

"ಸತ್ತವನಿಗೆ ಮನೆ ಎಲ್ಲಿಂದ ಬಂತು ತಮ್ಮ. ಕೂತ್ಕೊ. ಮಗು ಎದ್ದೀತು," ಎಂದ ಲ್ಯೂ.

"ಇಬ್ಬರೂ ನನ್ನ ಕೇಳ್ದೇನೇ ಮಾತಾಡ್ತಿದ್ದೀರಿ," ಎಂದಳು ಮ್ಯಾವೊಚಿಂಗ್. ಅವಳ ದನಿ ನಡುಗುತ್ತಿರಲಿಲ್ಲ. "ಮುಂದಿನ ತಿಂಗಳು ಯಿಂಗ್ ಮದುವೆ. ಅಪ್ಪ ತೀರಿಕೊಂಡಿದ್ದಾನೆ, ಮಣ್ಣು, ಶೋಕ ಎಲ್ಲ ಸರಿಯಾಗಿ ಆಗಿದೆ ಅಂತ ತಿಳ್ಕೊಂಡು ಆ ಮನೆಯವರು ಒಪ್ಪಿದ್ದಾರೆ. ಈಗ ಅಪ್ಪ ಎದ್ದು ಬಂದ ಅಂದ್ರೆ ನಾನು ಇಬ್ಬರು ಗಂಡಂದಿರ ಹೆಂಗಸು. ಅವಳು ಅಂಥವಳ ಮಗಳು. ಈ ಕೂಸು ಯಾರದ್ದೂ ಅಲ್ಲ." ಲ್ಯೂನ ಮುಖ ನೋಡಿ ಹೇಳಿದಳು: "ನೀವು ಬದುಕಿರೋದು ಕಂಡೆ, ಅಷ್ಟೇ ಸಾಕು ಅಂತ ಸುಳ್ಳು ಹೇಳಲ್ಲ. ಸಾಕಾಗಲ್ಲ. ಆದ್ರೂ ನೀವು ಹೋಗಬೇಕು."

ಪಾನ್ ರೆನ್ ಗೋಡೆಯ ಕಡೆ ತಿರುಗಿಕೊಂಡ. ಲ್ಯೂ ನನ್ನ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸುತ್ತ ಕೂತಿದ್ದ. ಬಿಸಿಲಿಗೆ ಹಾಕಿದ್ದನ್ನು ಇಷ್ಟು ಬೇಗ ಮುಚ್ಚಬಾರದೆಂಬುದನ್ನು ಮರೆತಿದ್ದ.

"ಮಗಳಿಗೆ ನನ್ನ ವಿಷಯ ಏನು ಹೇಳಿದ್ದೀಯ?" ಎಂದು ಕೇಳಿದ.

"ನಗ್ತಿದ್ರು ಅಂತ."

ಯಿಂಗ್ ಬಂದಳು. ನೆಂಟನಿಗೆ ಊಟ ಬಡಿಸಿದಳು. ಅಪ್ಪ ಹಡಗಿನಲ್ಲಿ ಹೇಗಿದ್ದ, ಏನು ತಿನ್ನುತ್ತಿದ್ದ ಎಂದು ಕೇಳಿದಳು. ಎಲ್ಲರಿಗಿಂತ ಮೊದಲು ಏಳುತ್ತಿದ್ದ, ಮೂಲಂಗಿ ಉಪ್ಪಿನಕಾಯಿ ಇಲ್ಲದೆ ಗಂಜಿ ಕುಡಿಯುತ್ತಿರಲಿಲ್ಲ ಎಂದು ಅವನು ಹೇಳಿದ. ಅವಳು ಒಳಗೆ ಹೋಗಿ ಮೂಲಂಗಿ ಉಪ್ಪಿನಕಾಯಿ ತಂದು ಅವನ ಅನ್ನದ ಬಟ್ಟಲಿಗೆ ಹಾಕಿದಳು. ಅವನು ಅದನ್ನು ಪೂರ್ತಿ ತಿಂದ.

ಹೊರಡುವಾಗ ಮ್ಯಾವೊಚಿಂಗ್ ನನ್ನನ್ನು ಬಟ್ಟೆಯಲ್ಲಿ ಸುತ್ತಿ ಮಗಳ ಕೈಗೆ ಕೊಟ್ಟು, "ಅಪ್ಪನ ಗೆಳೆಯರಿಗೆ ಕೊಡು. ಇದು ಅವರಿಗೆ ಸೇರಬೇಕು," ಎಂದಳು. ಯಿಂಗ್ ಎರಡೂ ಕೈಯಲ್ಲಿ ನನ್ನನ್ನು ನೀಡಿ, ಹಿರಿಯ ಅತಿಥಿಗೆ ಬಗ್ಗುವಂತೆ ಬಗ್ಗಿದಳು. ಹಾಗೆ ಬಗ್ಗಿದವಳಿಗೆ ಅತಿಥಿ ಎಷ್ಟು ಬಗ್ಗಬೇಕೆಂದು ನನ್ನಲ್ಲಿ ಚಿತ್ರ ಇದೆ. ಲ್ಯೂ ಅದಕ್ಕಿಂತ ತುಂಬಾ ಕೆಳಗೆ ಬಗ್ಗಿದ. ಯಿಂಗ್ ಸಂಕೋಚದಿಂದ ಅಮ್ಮನ ಕಡೆ ನೋಡಿದಳು. ಪಾನ್ ರೆನ್ ಕೇರಿಯ ಕೊನೆಯವರೆಗೆ ಜತೆಗೆ ಬಂದ. ಅಲ್ಲಿ ಇಬ್ಬರೂ ನಿಂತರು. ಕೊನೆಗೆ, "ಕಳೆ ನಾನು ಕೀಳ್ತೀನಿ ಅಣ್ಣ," ಎಂದ. ಲ್ಯೂ ತಲೆಯಾಡಿಸಿದ.

ಆಮೇಲೆ ನಾವಿಬ್ಬರೇ. ಬೇರೆ ಬೇರೆ ಬಂದರುಗಳಲ್ಲಿ ಅಲೆದು, ಕೊನೆಗೆ ಮೂಡಣ ಸಮುದ್ರ ದಾಟುವ ಬೌದ್ಧ ಭಿಕ್ಷುಗಳ ಹಡಗಿನಲ್ಲಿ ಅಡುಗೆಗೆ ಸೇರಿ ಲ್ಯೂ ಜಪಾನಿಗೆ ಹೋದ. ಅಲ್ಲಿಯ ಬೆಟ್ಟದ ಮೇಲಿನ ಮಠವೊಂದರಲ್ಲಿ ಅಡುಗೆಮನೆ ನೋಡಿಕೊಂಡು ಉಳಿದ. ಭಿಕ್ಷುಗಳಿಗೆ ಚೀನಾದ ರೀತಿನೀತಿ ತಿಳಿಯಬೇಕಾದಾಗ ನನ್ನನ್ನು ತೆಗೆದು ಓದಿ ಹೇಳುವನು. ಮದುವೆಯ ಹಾಳೆ ಬಂದಾಗಲೂ ಶೋಕದ ಹಾಳೆ ಬಂದಾಗಲೂ ಒಂದೇ ದನಿಯಲ್ಲಿ ಓದುವನು. ಅವನು ನಕ್ಕದ್ದನ್ನು ಅಲ್ಲಿ ನಾನು ಕಾಣಲಿಲ್ಲ. ಹಾಗೆಂದು ಅವನೇನೂ ಮುನಿದುಕೊಂಡು ಬದುಕಿದವನಲ್ಲ. ಭಿಕ್ಷುಗಳಿಗೆ ಅವನ ಗಂಜಿ ಇಷ್ಟವಾಗಿತ್ತು.

ಮುಪ್ಪಿನಲ್ಲಿ ಒಂದು ಚಳಿಗಾಲ ಅವನು ಮೇಲೇಳಲಿಲ್ಲ. ಮಠದ ಹಿರಿಯ ಭಿಕ್ಷು ಹಾಸಿಗೆಯ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದ: "ನಿಮ್ಮ ದೇಶದ ಕ್ರಮದಲ್ಲಿಯೇ ನಿಮ್ಮನ್ನು ಕಳಿಸಿಕೊಡ್ತೇವೆ. ಹೆಸರು, ಊರು ಹೇಳಿ. ಉಳಿದದ್ದನ್ನ ನಿಮ್ಮ ಪುಸ್ತಕ ನೋಡಿ ಮಾಡ್ತೇವೆ."

ಲ್ಯೂ ಬೇಡವೆಂದು ಕೈಯಾಡಿಸಿದ.

"ನನ್ನ ಸಮಾಧಿ ಆಗಿದೆ ಸ್ವಾಮಿ. ನಮ್ಮವ್ವ ಮಾಡಿದಾಳೆ. ಆ ವಯಸ್ಸಿನಲ್ಲಿ ಮಾಡು ಹತ್ತಿ ಕೂಗಿದಾಳೆ. ಈಗ ನೀವು ಮತ್ತೆ ಮಾಡಿದ್ರೆ, ಅವಳು ಮಾಡಿದ್ದು ಸರಿಯಿಲ್ಲ ಅಂದಂಗಾಗುತ್ತೆ."

ಭಿಕ್ಷುವಿಗೆ ಅರ್ಥವಾಯಿತೋ ಇಲ್ಲವೋ, ಅವನು ಮತ್ತೆ ಕೇಳಲಿಲ್ಲ. ಲ್ಯೂನನ್ನು ಸುಟ್ಟು ಬೂದಿಯನ್ನು ತೊರೆಗೆ ಬಿಟ್ಟರು. ಹೆಸರಿನ ಹಲಗೆ ಇಡಲಿಲ್ಲ. ಆ ದಿನ ನನ್ನ ಹಾಳೆಯನ್ನು ಯಾರೂ ತೆರೆಯಲಿಲ್ಲ.

ನಾನು ಆ ಮಠದಲ್ಲಿಯೇ ಇದ್ದೇನೆ. ಕರ್ಪೂರದ ವಾಸನೆಯ ಮರದ ಪೆಟ್ಟಿಗೆ, ತಂಪು ಕೋಣೆ. ಹುಳು ಅಲ್ಲಲ್ಲಿ ತಿಂದಿದೆ. ಎತ್ತಿನ ಹಾಳೆಗಳು ಪೂರ್ತಿ ಹೋಗಿವೆ, ಮೋಡದ ಹಾಳೆಗಳು ಅರ್ಧ ಉಳಿದಿವೆ. ಈಗ ಎತ್ತಿನ ವಯಸ್ಸು ಕೇಳಿಕೊಂಡು ಯಾರೂ ಬರುವುದಿಲ್ಲ. ಲ್ಯೂ ಕಣ್ಣು ಮುಚ್ಚಿದ ದಿನ ಮ್ಯಾವೊಚಿಂಗ್ ಬದುಕಿದ್ದಳೋ ಇಲ್ಲವೋ ನನಗೆ ತಿಳಿಯದು. ಇದ್ದಿದ್ದರೂ ಅವಳಿಗೆ ಸುದ್ದಿ ಮುಟ್ಟುವಂತಿರಲಿಲ್ಲ. ಅವನಿಗಾಗಿ ಅಳಬೇಕಾದದ್ದನ್ನೆಲ್ಲ ಅವಳು ಅವನು ಬದುಕಿದ್ದಾಗಲೇ ಅತ್ತು ಮುಗಿಸಿದ್ದಳು. ಆ ಹೊತ್ತಿಗೆ ಅವಳು ಅಂಗಳದಲ್ಲಿ ಮೂಲಂಗಿ ಹೆಚ್ಚುತ್ತಿದ್ದಿರಬಹುದು, ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುತ್ತಿದ್ದಿರಬಹುದು. ಅವಳ ಪಾಲಿಗೆ ಅದು ಉಳಿದ ದಿನಗಳಂತೆಯೇ ಒಂದು ದಿನ.